ಕಿಲುಬು ಹಿಡಿದ ಬೆಸುಗೆ

ಊರವರು ಅವನನ್ನು ಡಬ್ಬಿಯಣ್ಣ ಎಂದೇ ಕರೆಯುತ್ತಿದ್ದರು. ತಳ ಹೋದ ಬಕೆಟ್ಟು, ಸೋರುವ ಹಾಲಿನ ಕ್ಯಾನು, ಗಿಡಕ್ಕೆ ಔಷಧಿ ಹೊಡೆಯುವ ಪಂಪಿನ ಟ್ಯಾಂಕು, ಲಾರಿಯ ರೇಡಿಯೇಟರು, ಒಟ್ಟಿನಲ್ಲಿ ನೀರು ನಿಲ್ಲದ್ದೆಲ್ಲ ಅವನ ಮನೆ ಮುಂದೆ ಬಂದು ಬೀಳುತ್ತಿತ್ತು. ಮನೆಯ ಮುಂದಿನ ತಗಡಿನ ಮಾಡೇ ಅಂಗಡಿ. ಅಲ್ಲಿ ಒಂದು ಇದ್ದಿಲ ಒಲೆ, ಅದರೊಳಗೆ ತಲೆ ಹುದುಗಿಸಿಕೊಂಡ ಎರಡು ಬೆಸುಗೆ ಕೋಲು, ಪಕ್ಕದಲ್ಲಿ ಗಾಜಿನ ಜಾಡಿಯಲ್ಲಿ ಮದ್ದು. ಮದ್ದು ಎಂದರೆ ಆಸಿಡ್ಡಿಗೆ ಸತುವಿನ ಚೂರು ಹಾಕಿ, ಅದು ಬುಸುಬುಸು ಕುದಿದು ತಣ್ಣಗಾದ ಮೇಲೆ ಸೋಸಿಟ್ಟ ನೀರು. ಕೋಳಿಯ ಪುಕ್ಕದಿಂದ ಅದನ್ನೊಂದಿಷ್ಟು ತಗಡಿಗೆ ಸವರಿದರೆ ತುಕ್ಕು, ಕೊಳೆ, ಎಣ್ಣೆ ಎಲ್ಲ ಸುಟ್ಟುಹೋಗಿ ಸೀಸ ನೀರಿನಂತೆ ಹರಿದು ಕೂರುತ್ತಿತ್ತು. ಅವನ ಅಪ್ಪ ಹಾಗೆ ಮಾಡುತ್ತಿದ್ದ, ಇವನೂ ಹಾಗೇ ಮಾಡುತ್ತಿದ್ದ. ಡಬ್ಬಿಯಣ್ಣ ಹಾಕಿದ ಬೆಸುಗೆ ಬಿಡಿಸಬೇಕಾದರೆ ಪಾತ್ರೆಯನ್ನೇ ಹರಿಯಬೇಕು ಎಂದು ಜನ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗೆಲ್ಲ ಅವನು ಕೇಳಿಸದವನಂತೆ ಒಲೆ ಊದುತ್ತಿದ್ದ.

ಅವನು ಮಾತು ಕಡಿಮೆಯವನು. ಮನೆಗೆ ಬೇಕಾದಷ್ಟು ಮಾತನ್ನು ಹೆಂಡತಿಯೇ ಆಡಿ ಮುಗಿಸುತ್ತಿದ್ದಳು, ಬೀದಿಗೂ ಒಂದಿಷ್ಟು ಉಳಿಯುತ್ತಿತ್ತು. ಅವಳು ಹಿತ್ತಿಲಲ್ಲಿ ನಿಂತು ಕೋಳಿ ಕರೆದರೆ ಪಕ್ಕದ ಮನೆಯ ಕೋಳಿಗಳೂ ಬರುತ್ತವೆ ಎಂದು ಹಾಲಿನ ಗಾಡಿಯವನು ರೇಗಿಸುತ್ತಿದ್ದ. ಆ ಗಂಟಲಲ್ಲೇ ಗಡ್ಡೆ ಎದ್ದಿತು. ದೊಡ್ಡಾಸ್ಪತ್ರೆಯಲ್ಲಿ ಗಡ್ಡೆ ತೆಗೆದರು, ಅದರ ಜೊತೆಗೆ ದನಿ ಹುಟ್ಟುವ ಜಾಗವನ್ನೂ ತೆಗೆದರು. ಈಗ ಅವಳು ಕತ್ತಿನ ಕೆಳಗಿನ ಒಂದು ತೂತಿನಿಂದ ಉಸಿರಾಡುತ್ತಿದ್ದಳು. ಬಾಯಿ ಆಡುತ್ತಿತ್ತು, ತುಟಿ ಆಡುತ್ತಿತ್ತು, ದನಿ ಮಾತ್ರ ಇರಲಿಲ್ಲ. ಬೈಯಬೇಕಾದಾಗ ತಟ್ಟೆಯನ್ನು ನೆಲಕ್ಕೆ ಜೋರಾಗಿ ಇಡುತ್ತಿದ್ದಳು. ಅವನಿಗೆ ಅರ್ಥವಾಗುತ್ತಿತ್ತು. ಗಂಡ ಹೆಂಡಿರ ನಡುವೆ ಅಷ್ಟು ಸಾಕಾಗುತ್ತಿತ್ತು ಕೂಡ.

ಸಾಕಾಗದಿದ್ದದ್ದು ಅಕ್ಕನಿಗೆ.

ಅವಳ ಅಕ್ಕ ಹುಟ್ಟುಕುರುಡಿ. ಚಿಕ್ಕಂದಿನಲ್ಲಿ ತಂಗಿಯ ಕೈ ಹಿಡಿದೇ ಓಡಾಡಿದವಳು. ತಂಗಿ ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಹೇಳುತ್ತ ನಡೆಯಬೇಕಿತ್ತು: ಇಲ್ಲಿ ಗುಂಡಿ, ಅಲ್ಲೊಂದು ಕೆಂಪು ಕರು, ಎದುರಿಂದ ಒಬ್ಬ ಬರ್ತಿದ್ದಾನೆ, ಮೀಸೆ ಇದೆ, ನಗು ಇಲ್ಲ. ಅವಳಿಗೆ ಮಾತಿನ ಚಾಳಿ ಹತ್ತಿದ್ದೇ ಹಾಗೆ. ಅಕ್ಕ ಮದುವೆಯಾಗಿ ದೂರ ಹೋದ ಮೇಲೂ ಅದು ನಿಲ್ಲಲಿಲ್ಲ. ಸಂಜೆಯಾದರೆ ಫೋನು ಹಿಡಿದು ಜಗಲಿ ಮೇಲೆ ಕೂತು, ಬೀದಿಯಲ್ಲಿ ಹೋಗುವವರನ್ನೆಲ್ಲ ಅಕ್ಕನಿಗೆ ಒಪ್ಪಿಸುತ್ತಿದ್ದಳು. ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದಾರೆ ಎಂಬುದನ್ನೂ ಬಿಡುತ್ತಿರಲಿಲ್ಲ.

ಗಂಟಲು ಹೋಗುವ ಮುಂಚಿನ ಕೊನೆಯ ಫೋನಿನಲ್ಲಿ ಇಬ್ಬರಿಗೂ ಜಗಳವಾಗಿತ್ತು. ಅಕ್ಕನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ನಮ್ಮನೆಗೇ ಬಂದಿರು ಎಂದು ತಂಗಿ ಹಟ ಹಿಡಿದಳು. "ನಾನೇನು ಬೆಕ್ಕಾ, ಚೀಲದಲ್ಲಿ ಹಾಕ್ಕೊಂಡು ಹೋಗೋಕೆ?" ಎಂದಳು ಅಕ್ಕ. "ಹಾಗಾದ್ರೆ ಇನ್ಮೇಲೆ ನಿನ್ನ ಹತ್ರ ಮಾತೇ ಆಡಲ್ಲ" ಎಂದು ತಂಗಿ ಫೋನ್ ಇಟ್ಟಳು. ಅವಳ ಜಗಳ ಎರಡು ಸಂಜೆ ದಾಟುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದ ಸಂಗತಿ. ಆದರೆ ಎರಡು ಸಂಜೆ ದಾಟುವಷ್ಟರಲ್ಲಿ ಅವಳು ಆಸ್ಪತ್ರೆಯಲ್ಲಿದ್ದಳು.

ಅಕ್ಕನಿಗೆ ಹೇಳಿಬಿಡೋಣ ಎಂದು ಡಬ್ಬಿಯಣ್ಣ ಅಂದಾಗ ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ತಲೆ ಅಲ್ಲಾಡಿಸಿದ್ದಳು. ನಾನೇ ಹೇಳ್ತೀನಿ, ಎಂದು ತುಟಿಯಲ್ಲೇ ಬಿಡಿಬಿಡಿಯಾಗಿ ಅಂದಿದ್ದಳು. ಹಾಗಾಗಿ ಅಕ್ಕನ ಫೋನು ಬಂದಾಗೆಲ್ಲ ಇವನು ಬಾಯಿಗೆ ಬಂದದ್ದು ಹೇಳುತ್ತಿದ್ದ. ತೋಟಕ್ಕೆ ಹೋಗಿದ್ದಾಳೆ. ಮಲಗಿದ್ದಾಳೆ. ಫೋನ್ ಹಾಳಾಗಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಹೇಳುವಾಗ ನಾಲಿಗೆ ಬಾಯೊಳಗೇ ತಡವರಿಸುತ್ತಿತ್ತು.

"ತಮ್ಮಾ, ಅವಳು ಪಕ್ಕದಲ್ಲೇ ಇದ್ದಾಳೆ ಅಲ್ವಾ?" ಎಂದಿದ್ದಳು ಅಕ್ಕ ಒಮ್ಮೆ. "ಉಸಿರು ಬಿಡೋದು ಕೇಳಿಸ್ತಿದೆ. ಇಷ್ಟು ಸಿಟ್ಟು ಒಳ್ಳೇದಲ್ಲ ಅಂತ ಹೇಳು."

ಅವಳು ಪಕ್ಕದಲ್ಲೇ ಇದ್ದಳು. ಸೆರಗನ್ನು ಬಾಯಿಗಲ್ಲ, ಕತ್ತಿನ ತೂತಿಗೆ ಒತ್ತಿಕೊಂಡು ಅಳುತ್ತಿದ್ದಳು.

*

ಯಂತ್ರದ ಮಾತು ತೆಗೆದವನು ಪೇಟೆಯ ರೇಡಿಯೋ. ರೇಡಿಯೋ ರಿಪೇರಿ ಮಾಡಿ ಮಾಡಿ ಅವನ ಹೆಸರೇ ಅದಾಗಿತ್ತು. ಈಗ ರೇಡಿಯೋ ತರುವವರಿಲ್ಲದೆ ಅಂಗಡಿಯಲ್ಲಿ ಟಾರ್ಚು, ಚಾರ್ಜರು ತೂಗುಹಾಕಿಕೊಂಡು ಕೂತಿರುತ್ತಿದ್ದ. ಅವನಿಗೆ ಕೈ ನಡುಗುವ ಕಾಯಿಲೆ. ಚಹಾದ ಲೋಟ ಹಿಡಿದರೆ ಅರ್ಧ ಚಹಾ ಅಂಗಿಗೆ.

"ಕತ್ತಿಗೆ ಒತ್ತಿ ಹಿಡಿಯೋ ಯಂತ್ರ ಇದೆ ಕಣೋ" ಎಂದ ರೇಡಿಯೋ. "ಅದು ಝೂಂ ಅಂತ ಒಳಗೆ ನಡುಕ ಕೊಡುತ್ತೆ. ಬಾಯಿ ಆಡಿಸಿದ್ರೆ ಆ ನಡುಕವೇ ಮಾತಾಗುತ್ತೆ. ಆಸ್ಪತ್ರೆಯೋರು ಏನಂದ್ರು?"

"ಬರೆದ್ಕೊಂಡಿದ್ದಾರೆ. ಬಂದಾಗ ಹೇಳ್ತೀವಿ ಅಂದ್ರು."

"ಅದು ಬರೋ ಹೊತ್ತಿಗೆ ನಾವಿಬ್ರೂ ಹೋಗಿರ್ತೀವಿ. ನಾವೇ ಮಾಡೋಣ. ತಲೆ ನಂದು, ಕೈ ನಿಂದು. ನಿನ್ನ ತಲೆ ಯಾರಿಗೂ ಬೇಡ, ನನ್ನ ಕೈ ಯಾರಿಗೂ ಬೇಡ."

ರೇಡಿಯೋ ಹಳೇ ಸಾಮಾನಿನ ಪೆಟ್ಟಿಗೆ ತಡಕಿ, ಹಿಂದಿನ ಕಾಲದ ಕರಿ ಟೆಲಿಫೋನಿನ ಕಿವಿಯ ಭಾಗವೊಂದನ್ನು ಹೊರಗೆಳೆದ. ಬಿಲ್ಲೆಯಂಥ ತೆಳು ತಗಡು, ಅದರ ಹಿಂದೆ ಕೂದಲಿಗಿಂತ ಸಣ್ಣ ತಂತಿ ಸುತ್ತಿದ ಸುರುಳಿ. ಇಂಥದ್ದು ನನ್ನ ಹತ್ತಿರ ಇರುವುದು ಇದೊಂದೇ, ಇಂಥ ಫೋನು ಈಗ ಯಾರ ಮನೆಯಲ್ಲೂ ಇಲ್ಲ, ಎಂದ. ಅದನ್ನು ನಡುಗಿಸಲು ಅಂಗೈಯಷ್ಟೂ ಇಲ್ಲದ ಬೋರ್ಡು, ಕೆಲವು ಬಿಡಿಭಾಗ, ಒಂದು ಒತ್ತುಗುಂಡಿ, ಪೆನ್ಸಿಲ್ ಸೆಲ್ಲು ಕೂರಿಸುವ ತೊಟ್ಟಿಲು. ಎಲ್ಲಿಗೆ ಯಾವುದು ಎಂದು ಬಣ್ಣದ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟ. ಕರೆಂಟಿನ ಸಣ್ಣ ಬೆಸುಗೆ ಕೋಲು, ಕರೆಂಟು ಅಳೆಯುವ ಒಂದು ಮೀಟರು ಕೊಟ್ಟ. ಕಾಗದದಲ್ಲಿ ಸುತ್ತಿದ ರಾಳದ ಚೂರು ಕೊಟ್ಟ.

"ಇದನ್ನೇ ಹಚ್ಚು" ಎಂದ. ಅಷ್ಟೇ ಅಂದ. ಬೇರೆಯದನ್ನು ಹಚ್ಚಬಾರದು ಎಂದು ಹೇಳಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ.

ಮನೆಗೆ ಬಂದು ಡಬ್ಬಿಯಣ್ಣ ಬೆಳಕಿಗೆ ಮುಖ ಮಾಡಿ ಕೂತ. ರಾಳ ಹಚ್ಚಿ ನೋಡಿದ. ಸೆಲ್ಲಿನ ತೊಟ್ಟಿಲಿನ ಪಟ್ಟಿಗಳು ಹಳೆಯವು, ಮಸಕು ಹಿಡಿದಿದ್ದವು. ಸೀಸ ಅವುಗಳ ಮೇಲೆ ಕೂರದೆ ಗುಂಡಗಾಗಿ ಉರುಳಿಹೋಯಿತು. ಟೆಲಿಫೋನಿನ ಸುರುಳಿಯ ತುದಿಗಳೂ ಹಾಗೇ. ಮೂರು ಸಲ ಹಚ್ಚಿದ, ಮೂರು ಸಲವೂ ಬೆರಳಿನಿಂದ ತಳ್ಳಿದರೆ ಕಿತ್ತುಬಂತು. ತನ್ನ ಕೈಯಿಂದ ಇಂಥ ಬೆಸುಗೆ ಬಿದ್ದದ್ದು ಅವನು ಕಂಡಿರಲಿಲ್ಲ. ಇದು ಬೆಸುಗೆಯಲ್ಲ, ಎಂಜಲು ಹಚ್ಚಿ ಅಂಟಿಸಿದ ಹಾಗೆ ಎಂದುಕೊಂಡ. ಹೆಂಡತಿ ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಅವಳ ದನಿ ಇಂಥ ಸಡಿಲ ಬೆಸುಗೆಯ ಮೇಲೆ ನಿಲ್ಲಬೇಕೇ?

ಅವನ ಕೈ ತಾನಾಗಿ ಜಾಡಿಯ ಕಡೆ ಹೋಯಿತು. ಪುಕ್ಕದ ತುದಿಯನ್ನು ಕತ್ತರಿಸಿ ಚೂಪು ಮಾಡಿ, ಮದ್ದನ್ನು ಇರುವೆಯ ಕಣ್ಣಿನಷ್ಟು ಇಟ್ಟ. ಕೋಲು ಮುಟ್ಟಿಸಿದ್ದೇ ತಡ, ಸುಂಯ್ ಎಂದು ಹೊಗೆ ಎದ್ದು ಸೀಸ ಕನ್ನಡಿಯಂತೆ ಹರಡಿತು. ಎಳೆದು ನೋಡಿದ, ಬರಲಿಲ್ಲ. ಅವನ ಮುಖದಲ್ಲಿ ಸಮಾಧಾನ ಕಂಡು ಅವಳೂ ನಕ್ಕಳು. ಒಂದು ಬೆಸುಗೆಗೆ ಹಾಕಿದ ಮೇಲೆ ಉಳಿದವಕ್ಕೆ ಯಾಕೆ ಬಿಡಬೇಕು? ಎಲ್ಲದಕ್ಕೂ ಹಾಕಿದ. ಒದ್ದೆ ಬಟ್ಟೆಯಲ್ಲಿ ಒರೆಸಿದ, ಹಾಲಿನ ಕ್ಯಾನಿಗೆ ಒರೆಸುವ ಹಾಗೆ. ತಗಡು ಕತ್ತರಿಸಿ, ಹಿಡಿಯಲು ಹದವಾದ ಕೊಳವೆ ಮಾಡಿ, ಎಲ್ಲವನ್ನೂ ಅದರೊಳಗೆ ಕೂರಿಸಿದ. ನೋಡಲು ಗಿಡ್ಡ ಟಾರ್ಚಿನಂತಿತ್ತು.

ಅವಳು ಅದನ್ನು ದವಡೆಯ ಕೆಳಗೆ ಒತ್ತಿ ಗುಂಡಿ ಅದುಮಿದಳು. ಝೂಂ ಎಂದಿತು. ಬಾಯಿ ಆಡಿಸಿದಳು. ತಗಡಿನ ಡಬ್ಬಿಯೊಳಗೆ ಸಿಕ್ಕಿಕೊಂಡ ದುಂಬಿ ಮಾತಾಡಿದ ಹಾಗೆ, ಏರಿಳಿತವಿಲ್ಲದೆ, ಬಂತು:

"ಒಲೆ. ಆರಿಸು. ಹೊಗೆ."

ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಮಾತು ಅದು. ಅವನು ಎದ್ದುಹೋಗಿ ಒಲೆ ಆರಿಸಿದ. ಅಲ್ಲೇ ಬಾಗಿಕೊಂಡು, ಆರಿದ ಒಲೆಯನ್ನೇ ನೋಡುತ್ತ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತ.

*

ಆಗಲೇ ಅಕ್ಕನಿಗೆ ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ಒಪ್ಪಲಿಲ್ಲ. "ಹೆದರ್ತಾಳೆ" ಎಂದಳು ಯಂತ್ರದಲ್ಲಿ. ಈ ದುಂಬಿಯ ದನಿ ಕೇಳಿದರೆ ಅಕ್ಕ ಹೌಹಾರುತ್ತಾಳೆ, ಸ್ವಲ್ಪ ಪಳಗಿಸಿಕೊಳ್ಳುತ್ತೇನೆ. ದಿನವೂ ಬೆಳಿಗ್ಗೆ ಹಿತ್ತಿಲಲ್ಲಿ ಕೂತು ಅಭ್ಯಾಸ ಮಾಡಿದಳು. ಕೆಲವು ಅಕ್ಷರ ಬಾಯಿ ತಪ್ಪಿ ಬೇರೆಯೇ ಆಗುತ್ತಿದ್ದವು. ಗುಂಡಿಯನ್ನು ಬಿಟ್ಟು ಬಿಟ್ಟು ಒತ್ತಿದರೆ ಮಾತು ಬಿಡಿಬಿಡಿಯಾಗಿ ತಿಳಿಯಾಗುತ್ತದೆ ಎಂದು ಅವಳೇ ಕಂಡುಕೊಂಡಳು. ಕೋಳಿಗಳು ಮೊದಲು ಓಡಿಹೋದವು, ಆಮೇಲೆ ರೂಢಿಯಾದವು. ಹಾಲಿನ ಗಾಡಿಯವನು ಬಂದು, "ಅಕ್ಕಾ, ಇದಕ್ಕೆ ಹಾಡು ಹಾಕೋಕೆ ಬರುತ್ತಾ?" ಎಂದ. "ನಿನ್ನ. ಹಾಲಿಗೆ. ನೀರು. ಹಾಕೋಕೆ. ಬರುತ್ತೆ" ಎಂದಳು. ಬೀದಿಯೆಲ್ಲ ನಕ್ಕಿತು.

ಒಂದು ದಿನ ಯಂತ್ರ ಓರೆ ಮಾಡಿದರೆ ನಿಲ್ಲತೊಡಗಿತು. ನೆಟ್ಟಗೆ ಹಿಡಿದರೆ ಸರಿ, ಬಾಗಿಸಿದರೆ ಮೌನ. ಡಬ್ಬಿಯಣ್ಣ ಬಿಚ್ಚಿ ನೋಡಿದ. ಸೆಲ್ಲನ್ನು ತಳ್ಳುವ ಸ್ಪ್ರಿಂಗಿನ ಬುಡದಲ್ಲಿ ಹಸಿರು ಪುಡಿ. ಬಾಯಿಯ ಹತ್ತಿರ ಇರುವ ಯಂತ್ರ, ಉಗುಳಿನ ಹಸಿ ತಾಗಿರಬೇಕು ಎಂದುಕೊಂಡ. ಕೆರೆದು, ಮದ್ದು ಸವರಿ, ಹೊಸದಾಗಿ ಬೆಸೆದ. ಥಳಥಳ ಹೊಳೆಯಿತು. ಓಡಿತು.

ಆಮೇಲೆ ದನಿ ಸೊರಗತೊಡಗಿತು. ಬೆಳಿಗ್ಗೆ ದುಂಬಿ, ಮಧ್ಯಾಹ್ನ ಸೊಳ್ಳೆ. ಸೆಲ್ಲು ಬದಲಾಯಿಸಿದರೂ ಅಷ್ಟೇ. ರೇಡಿಯೋನನ್ನು ಕೇಳೋಣವೆಂದು ಫೋನ್ ಮಾಡಿದ.

"ಸೆಲ್ ಮೀಟರಿನಲ್ಲಿ ಪೂರ್ತಿ ತೋರಿಸ್ತಿದೆ" ಎಂದ.

"ಗುಂಡಿ ಒತ್ತದೇ ನೋಡಿದ್ಯಾ, ಒತ್ತಿ ನೋಡಿದ್ಯಾ?"

"ಒತ್ತದೇ."

"ಮಲಗಿರೋನ ಶಕ್ತಿ ನೋಡಿ ಏನ್ ಮಾಡ್ತೀಯೋ, ಮೂಟೆ ಹೊರಿಸಿ ನೋಡು. ಗುಂಡಿ ಒತ್ತಿ ಹಿಡಿದು, ಸೆಲ್ಲಿನ ಬಾಯಲ್ಲಿ ಎಷ್ಟು, ಬೋರ್ಡಿನ ಬಾಯಲ್ಲಿ ಎಷ್ಟು ನೋಡು. ನಡುವೆ ಎಲ್ಲೋ ತಿಂತಿದೆ."

ಹೆಂಡತಿ ಗುಂಡಿ ಒತ್ತಿ ಹಿಡಿದಳು, ಇವನು ಮೀಟರಿನ ಕಡ್ಡಿ ಇಟ್ಟ. ಸೆಲ್ಲಿನ ಹತ್ತಿರ ತುಂಬಾ ಇದ್ದದ್ದು ಬೋರ್ಡಿಗೆ ಬರುವಷ್ಟರಲ್ಲಿ ಅರ್ಧವಾಗಿತ್ತು. ಹೌದು, ನಡುವೆ ಏನೋ ತಿನ್ನುತ್ತಿತ್ತು. ಯಾವ ಬೆಸುಗೆ ಎಂದು ತಿಳಿಯದೆ, ಇವನು ದಾರಿಯಲ್ಲಿದ್ದ ಬೆಸುಗೆಗಳನ್ನೆಲ್ಲ ಮತ್ತೆ ಬಿಸಿ ಮಾಡಿದ. ಪ್ರತಿಯೊಂದಕ್ಕೂ ಪುಕ್ಕ ಮುಟ್ಟಿಸಿದ, ಈ ಸಲ ಸ್ವಲ್ಪ ಧಾರಾಳವಾಗಿಯೇ. ಸುರುಳಿಯ ತುದಿಗಳಿಗೂ ಹಚ್ಚಿದ. ಅವಕ್ಕೇನೂ ಆಗಿರಲಿಲ್ಲ, ಇರಲಿ, ಗಟ್ಟಿಯಾಗಲಿ ಎಂದು ಹಚ್ಚಿದ.

ದುಂಬಿ ಮರಳಿ ಬಂತು. ಆ ಸಂಜೆ ಅವಳು ಅಕ್ಕನಿಗೆ ಹೇಳಬೇಕಾದ್ದನ್ನು ಅವನ ಮುಂದೆ ಹೇಳಿ ತೋರಿಸಿದಳು. "ಅಕ್ಕಾ. ನಾನು. ಕಣೇ. ಸಿಟ್ಟಲ್ಲ. ಗಂಟಲು. ಹೋಯ್ತು." ಹೇಳಿ ಮುಗಿಸಿ, ಹೇಗೆ ಎನ್ನುವಂತೆ ಹುಬ್ಬು ಹಾರಿಸಿದಳು.

"ಚೆನ್ನಾಗಿದೆ. ಈಗಲೇ ಮಾಡು."

"ನಾಳೆ" ಎಂದಳು. 'ಕಣೇ' ಸರಿಯಾಗಿ ಬಂದಿಲ್ಲವಂತೆ.

ಮಾರನೆಯ ಬೆಳಿಗ್ಗೆ ಅವಳು ಫೋನ್ ಮಾಡುವ ಮುಂಚೆ ಅಕ್ಕನ ಸೊಸೆಯೇ ಫೋನ್ ಮಾಡಿದಳು. ಅತ್ತೆ ಊಟ ಬಿಟ್ಟು ಮಲಗಿದ್ದಾರೆ. ಡಾಕ್ಟರು ನೋಡಿ, ಮನೆಯಲ್ಲೇ ಇಟ್ಕೊಳ್ಳಿ ಅಂದಿದ್ದಾರೆ. ಕಿವಿಗೆ ಫೋನ್ ಇಟ್ಟರೆ ತಳ್ಳಿಬಿಡ್ತಾರೆ. ಚಿಕ್ಕಮ್ಮ ಬಂದ್ರೆ ಬರಲಿ, ಇಲ್ಲಾಂದ್ರೆ ಹೀಗೇ ಹೋಗ್ತಾರೆ.

ಹೆಂಡತಿ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ತುಂಬುತ್ತ ತುಂಬುತ್ತ ಏನೋ ಹೇಳಲು ಯಂತ್ರವನ್ನು ಕತ್ತಿಗೆ ಒತ್ತಿದಳು. ಝೂಂ ಎನ್ನಲಿಲ್ಲ. ಮತ್ತೆ ಒತ್ತಿದಳು. ಓರೆ ಮಾಡಿದಳು, ನೆಟ್ಟಗೆ ಹಿಡಿದಳು, ಅಂಗೈಗೆ ಕುಟ್ಟಿದಳು. ಅವನ ಕೈಗೆ ಕೊಟ್ಟು ಸುಮ್ಮನೆ ಅವನ ಮುಖ ನೋಡಿದಳು.

*

ಬಸ್ಸು ಹೊರಡುವುದು ಪೇಟೆಯಿಂದಲೇ. ಅವಳನ್ನು ರೇಡಿಯೋನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂರಿಸಿ, ಇವನು ಒಳಗೆ ಹೋದ. ರೇಡಿಯೋ ಕೊಳವೆ ಬಿಚ್ಚಿದ, ಭೂತಗನ್ನಡಿ ಹಿಡಿದ. ಒಂದೊಂದೇ ಬೆಸುಗೆಯ ಮೇಲೆ ತಂದು ನೋಡಿದ.

"ಏನು ಹಚ್ಚಿದೆ ಇದಕ್ಕೆ?"

"ನೀನು ಕೊಟ್ಟಿದ್ದು ಕೂರಲಿಲ್ಲ. ನಮ್ಮ ಮದ್ದೇ ಒಂಚೂರು."

"ಒಂಚೂರು" ಎಂದ ರೇಡಿಯೋ. ಭೂತಗನ್ನಡಿಯನ್ನು ಇವನ ಕೈಗೆ ಕೊಟ್ಟ. "ನೋಡು."

ಮೇಲಿಂದ ಬೆಳ್ಳಿಯಂತೆ ಹೊಳೆಯುತ್ತಿದ್ದ ಬೆಸುಗೆಗಳ ಕಾಲಬುಡದಲ್ಲಿ ಕಿಲುಬು ಕಟ್ಟಿತ್ತು. ಬೋರ್ಡಿನ ತಾಮ್ರದ ದಾರಿಗಳು ಅಲ್ಲಲ್ಲಿ ಹಸಿರಾಗಿ, ಕಾಗದದ ಹಾಗೆ ಎದ್ದು ಬಂದಿದ್ದವು. ಮದ್ದು ಒಣಗಿರಲೇ ಇಲ್ಲ. ಕಣ್ಣಿಗೆ ಕಾಣದಷ್ಟು ಹಸಿಯಾಗಿ ಉಳಿದು, ತೆವಳಿ ತೆವಳಿ, ಸಿಕ್ಕಿದ್ದನ್ನೆಲ್ಲ ತಿನ್ನುತ್ತ ಹೋಗಿತ್ತು.

"ಬಕೆಟ್ಟಿಗೆ ಹಾಕ್ತೀಯ, ಆಮೇಲೆ ಬಕೆಟ್ಟಿಗೆ ನೀರು ತುಂಬ್ತಾರೆ, ದಿನಾ ತೊಳೀತಾರೆ, ಮದ್ದು ಹೋಗುತ್ತೆ. ಇದನ್ನ ಯಾರು ತೊಳೀತಾರೆ? ನೀನು ಒಂದೊಂದು ಸಲ ರಿಪೇರಿ ಮಾಡಿದಾಗಲೂ ಇದಕ್ಕೆ ಹೊಸದಾಗಿ ವಿಷ ಹಾಕಿದ್ದೀಯ."

ಡಬ್ಬಿಯಣ್ಣ ಹೊರಗೆ ನೋಡಿದ. ಬೆಂಚಿನ ಮೇಲೆ ಕೂತವಳ ಬೆನ್ನು ಬಾಗಿಲಿನಿಂದ ಕಾಣುತ್ತಿತ್ತು.

"ಬೋರ್ಡು ಹೋದ್ರೆ ಹೋಗಲಿ, ದಾರಿ ಕಡಿದ ಕಡೆ ತಂತಿ ಹಾಕಬಹುದು" ಎಂದ ರೇಡಿಯೋ, ಈಗ ದನಿ ಇಳಿಸಿ. "ಕಷ್ಟ ಇರೋದು ಸುರುಳೀಲಿ. ತಂತಿ ಒಳಗಿನ ಸುತ್ತಿನವರೆಗೂ ಕಪ್ಪಾಗಿದೆ. ಹೊರಗಿನ ತುದಿ ಸಿಗುತ್ತೆ. ಒಳಗಿನ ತುದಿ ಮುರಿದು ಒಳಗೇ ಕೂತಿದೆ. ಬಿಚ್ಚಿ ಸುತ್ತೋಣ ಅಂದ್ರೆ ಮುಟ್ಟಿದಲ್ಲೆಲ್ಲ ತುಂಡಾಗುತ್ತೆ."

"ಬೇರೆ ಸುರುಳಿ?"

"ಇಲ್ಲ ಅಂತ ಅವತ್ತೇ ಹೇಳಿದ್ನಲ್ಲ."

ಆದರೂ ಇಬ್ಬರೂ ಕೂತರು. ರೇಡಿಯೋ ಹೇಳಿದ, ಇವನು ಮಾಡಿದ. ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ತೊಳೆದ. ಸೂಜಿಯ ಮೊನೆಯಿಂದ ಸುರುಳಿಯ ಬದಿಯ ಕಾಗದ ಸೀಳಿ, ಒಳಗಿನ ತಂತಿಯ ಗೋಧಿಕಾಳಿನಷ್ಟು ತುದಿಯನ್ನು ಎತ್ತಿದ. ಬ್ಲೇಡಿನಿಂದ ಕೆರೆದಾಗ ಕಪ್ಪಿನೊಳಗಿಂದ ಒಂದು ಚುಕ್ಕೆ ಕೆಂಪು ತಾಮ್ರ ಕಾಣಿಸಿತು. ರಾಳ ಹಚ್ಚಿ, ಸೀಸ ಮುಟ್ಟಿಸಿದ. ಉಸಿರು ಬಿಟ್ಟರೆ ತಂತಿ ಅಲ್ಲಾಡೀತೆಂದು ಉಸಿರು ಕಟ್ಟಿದ್ದ. ಎರಡು ಸಲ ಜಾರಿತು. ಆಮೇಲೆ ಹಿಡಿದುಕೊಂಡಿತು. ಎಷ್ಟೋ ಬೆಸುಗೆ ಹಾಕಿದ ಕೈ ಅದು. ಇಷ್ಟು ಹೆದರಿ ಯಾವುದನ್ನೂ ಹಾಕಿರಲಿಲ್ಲ.

ಗುಂಡಿ ಒತ್ತಿದಾಗ ಝೂಂ ಎಂದಿತು, ಸಣ್ಣಗೆ.

"ಸಾಕು, ಬಿಡು" ಎಂದ ರೇಡಿಯೋ. "ಮತ್ತೆ ಒತ್ತಬೇಡ. ಅಲ್ಲಿ ಹೋಗೋವರೆಗೂ ಒತ್ತಬೇಡಿ. ಎಷ್ಟು ಇರುತ್ತೋ ಅಷ್ಟು. ಅಲ್ಲಾಡಿಸದೆ ಮಡಿಲಲ್ಲಿ ಇಟ್ಕೊಳ್ಳಿ."

ಬಸ್ಸಿನಲ್ಲಿ ಅವಳು ಯಂತ್ರವನ್ನು ಸೀರೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಕೂತಳು, ಮೊಟ್ಟೆ ಹಿಡಿದವಳಂತೆ. ರಸ್ತೆಯಲ್ಲಿ ಹೊಂಡ ಬಂದಾಗೆಲ್ಲ ಸೀಟಿನಿಂದ ಸ್ವಲ್ಪ ಮೇಲೇಳುತ್ತಿದ್ದಳು. ಇವನು ಕಿಟಕಿಯ ಕಡೆ ನೋಡುತ್ತ, "ನಾನು ಮದ್ದು ಹಾಕಿದ್ದೆ. ಅದಕ್ಕೇ ಹಾಳಾಗಿದ್ದು" ಎಂದ. ಅವಳು ಅವನ ಕಡೆ ತಿರುಗಿ, ಗೊತ್ತು ಎನ್ನುವಂತೆ ಮೂಗು ಮುಟ್ಟಿಕೊಂಡಳು. ಆ ವಾಸನೆ ಅವಳಿಗೆ ತಿಳಿಯದ್ದೇ? ಆದರೆ ಆಮೇಲೆ ಇವನಿಗೆ ನೆನಪಾಯಿತು, ತೂತಿನಿಂದ ಉಸಿರಾಡುವವಳ ಮೂಗಿಗೆ ಈಗ ವಾಸನೆಯೇ ಹತ್ತುವುದಿಲ್ಲ. ಅವಳು ನೋಡಿಯೇ ಇದ್ದಳು, ಪುಕ್ಕ ಜಾಡಿಗೆ ಹೋದದ್ದನ್ನು ಎದುರಿಗೆ ಕೂತು ನೋಡಿದ್ದಳು, ನಕ್ಕಿದ್ದಳು. ಅವಳಿಗೂ ಬೆಸುಗೆ ಗಟ್ಟಿಯಾಗಿ ಕೂತರೆ ಸಾಕಾಗಿತ್ತು.

*

ಅಕ್ಕನ ಮನೆಯ ನಡುಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದ್ದರು. ಅಕ್ಕ ಮಗುವಿನಷ್ಟಾಗಿದ್ದಳು. ಕಣ್ಣು ಮುಚ್ಚಿದ್ದರೂ ಕಿವಿ ಎಚ್ಚರವಾಗಿತ್ತು.

"ಅತ್ತೆ, ನಿಮ್ಮ ತಂಗಿ ಬಂದಿದ್ದಾರೆ" ಎಂದಳು ಸೊಸೆ.

ಅಕ್ಕನ ಮುಖ ಬಾಗಿಲಿಗೆ ತಿರುಗಿತು. ಒಂದು ನಗು ಶುರುವಾಯಿತು. "ಎಲ್ಲಿ? ಅವಳು ಬಂದಿದ್ರೆ ಬೀದಿ ಕೊನೇಲೇ ಕೇಳಿಸಬೇಕಿತ್ತಲ್ಲ."

ತಂಗಿ ಮಂಚದ ಅಂಚಿಗೆ ಕೂತು, ಸೀರೆ ಬಿಚ್ಚಿ, ಯಂತ್ರವನ್ನು ಕತ್ತಿಗೆ ಒತ್ತಿದಳು. ಡಬ್ಬಿಯಣ್ಣ ಗೋಡೆಗೆ ಒರಗಿ ನಿಂತ.

"ಅಕ್ಕಾ."

ಅಕ್ಕ ಬೆಚ್ಚಿದಳು. "ಏನದು? ಏನೋ ಕೊರೀತಿದೆ ಕಿವಿ ಹತ್ರ. ಆಸ್ಪತ್ರೆ ಯಂತ್ರ ತಂದ್ರಾ ನನಗೆ? ಬೇಡ ಅಂದಿದ್ನಲ್ಲ."

"ನಾ—"

ದನಿ ಸೊಳ್ಳೆಯಾಯಿತು, ಝೀ ಎಂದು ಎಳೆದು ನಿಂತಿತು. ತಂಗಿ ಗುಂಡಿಯನ್ನು ಒತ್ತಿದಳು. ಬಿಟ್ಟು ಒತ್ತಿದಳು. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಒತ್ತಿದಳು. ಬಾಯಿ ಮಾತ್ರ ಆಡುತ್ತಲೇ ಇತ್ತು, ಅಭ್ಯಾಸ ಮಾಡಿದ್ದನ್ನು ಪೂರ್ತಿ ಹೇಳಿತು: ನಾನು ಕಣೇ, ಸಿಟ್ಟಲ್ಲ, ಗಂಟಲು ಹೋಯ್ತು. ಕೋಣೆಯಲ್ಲಿ ಗಡಿಯಾರದ ಸದ್ದಿತ್ತು.

ಡಬ್ಬಿಯಣ್ಣ ಯಂತ್ರ ಇಸಿದುಕೊಂಡು ಸೆಲ್ಲು ಕದಲಿಸಿದ, ಸ್ಪ್ರಿಂಗು ಎಳೆದ. ಪ್ರಯೋಜನವಿಲ್ಲ ಎಂಬುದು ಬೆರಳಿಗೇ ತಿಳಿಯಿತು.

"ಅಕ್ಕ" ಎಂದ. "ಇವಳೇ ಕೂತಿರೋದು. ಗಂಟಲು ಆಪರೇಷನ್ ಆಯ್ತು, ಮಾತು ಹೋಗಿದೆ. ನಿಮಗೆ ತಾನೇ ಹೇಳ್ತೀನಿ ಅಂತ ಹಟ ಹಿಡಿದಿದ್ದಳು. ಅದಕ್ಕೇ ಅಷ್ಟು ದಿನ ನಾನು ಏನೇನೋ ಹೇಳ್ದೆ."

"ಏನೇನೋ ಹೇಳ್ದೆ" ಎಂದಳು ಅಕ್ಕ ನಿಧಾನವಾಗಿ. "ತೋಟಕ್ಕೆ ಹೋಗಿದ್ದಾಳೆ. ಮಲಗಿದ್ದಾಳೆ. ಈಗ ಇದು."

ಅವಳು ಕೈ ಚಾಚಿದಳು. ತಂಗಿ ಆ ಕೈಯನ್ನು ಹಿಡಿದು ತನ್ನ ಮುಖದ ಮೇಲೆ ಇಟ್ಟುಕೊಂಡಳು. ಬೆರಳುಗಳು ಹಣೆ, ಕಣ್ಣು, ಕೆನ್ನೆ ನೋಡಿದವು. ತಂಗಿಯದು ತುಂಬಿದ ಮುಖ ಎಂದು ಆ ಬೆರಳಿಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅದು ಎಲುಬಿಗೆ ಬಂದು ನಿಂತಿತ್ತು. ದವಡೆ ಇಳಿದು ಕತ್ತಿಗೆ ಬಂದು, ತೂತಿನ ಅಂಚು ಮುಟ್ಟಿದ್ದೇ ಬೆರಳು ಹಿಂದೆ ಸರಿದವು.

"ಪಾಪ" ಎಂದಳು ಅಕ್ಕ. "ಕಾಯಿಲೆಯವರನ್ನ ಯಾಕಪ್ಪಾ ಇಷ್ಟು ದೂರ ಬಸ್ಸಲ್ಲಿ ಕರ್ಕೊಂಡು ಬಂದೆ?"

"ಅತ್ತೆ, ಅವರೇ, ಚಿಕ್ಕಮ್ಮನೇ" ಎಂದಳು ಸೊಸೆ.

"ನೀನೂ ಸೇರ್ಕೊಂಡ್ಯಾ? ಅಲ್ವೇ, ನನ್ನ ತಂಗಿ ಇಷ್ಟು ಹೊತ್ತು ಸುಮ್ನೆ ಕೂತ್ಕೊಳ್ಳೋಳಾ? ಅವಳು ನಿದ್ದೇಲೂ ಸುಮ್ನಿರ್ತಿರಲಿಲ್ಲ."

ತಂಗಿ ಸೊಸೆಯ ಹತ್ತಿರ ಪೆನ್ನು ಕಾಗದ ಇಸಿದುಕೊಂಡು ಬರೆದಳು, ಡಬ್ಬಿಯಣ್ಣ ಓದಿದ. ಚಿಕ್ಕಂದಿನಲ್ಲಿ ಇಬ್ಬರೂ ಬಾವಿಕಟ್ಟೆಯ ಹಿಂದೆ ಸತ್ತ ಗುಬ್ಬಿ ಹೂತದ್ದು, ಅದಕ್ಕೆ ಅಕ್ಕ ತನ್ನ ರಿಬ್ಬನ್ನು ಕೊಟ್ಟದ್ದು, ಅಮ್ಮನಿಗೆ ಕಳೆದುಹೋಯಿತು ಎಂದದ್ದು. ಅಕ್ಕ ಪೂರ್ತಿ ಕೇಳಿದಳು. ಮುಖದಲ್ಲಿ ಏನೋ ಸಡಿಲವಾದ ಹಾಗೆ ಕಂಡಿತು. ಆಮೇಲೆ ನಕ್ಕಳು.

"ಇದನ್ನ ನಿನಗೂ ಹೇಳಿದ್ದಾಳೆ ಅವಳು. ಅವಳ ಬಾಯಲ್ಲಿ ಏನು ನಿಲ್ತಿತ್ತು? ಊರಿಗೆಲ್ಲ ಹೇಳಿರ್ತಾಳೆ." ಉಸಿರು ಎಳೆದುಕೊಂಡು, "ನಿಂದು ಒಳ್ಳೇ ಮನಸ್ಸು ತಮ್ಮಾ. ಅವಳು ಬರಲ್ಲ ಅಂದ್ರೆ, ಬರಲ್ಲ ಅಂತಾನೇ ಹೇಳಬಹುದಿತ್ತು, ಯಾರನ್ನೋ ಕರ್ಕೊಂಡು ಬರೋ ಬದಲು. ಮಾತಾಡಲ್ಲ ಅಂದಿದ್ಳು, ಆಡಲಿಲ್ಲ. ನಾನೇನು ಅಳ್ತೀನಾ?"

ಇವಳೇ ನಿಮ್ಮ ತಂಗಿ ಎಂದು ಡಬ್ಬಿಯಣ್ಣ ಇನ್ನೊಂದು ಸಲ ಹೇಳಿದ, ಮತ್ತೊಂದು ಸಲ ಹೇಳಿದ. ಹೇಳಿದಷ್ಟೂ ಅದು ಅವನ ಹಳೆಯ ಸುಳ್ಳುಗಳ ಹಾಗೇ ತಡವರಿಸುತ್ತಿತ್ತು, ಅವನ ಕಿವಿಗೇ.

ಅಕ್ಕ ಪಕ್ಕದಲ್ಲಿ ಕೂತವಳ ಕಡೆಗೆ ತಿರುಗಿದಳು. "ನೀವು ಬೇಜಾರು ಮಾಡ್ಕೋಬೇಡಿಮ್ಮಾ. ಇಷ್ಟು ದೂರ ಬಂದ್ರಿ. ಏನಾದ್ರೂ ತಿಂದ್ರಾ?"

ತಂಗಿ ಆ 'ನೀವು' ಕೇಳಿದಳು. ಕಾಗದವನ್ನು ಮಡಚಿ ಮಂಚದ ಮೇಲಿಟ್ಟಳು. ಎದ್ದು ಕಾಲ ಕಡೆಗೆ ಹೋಗಿ ಕೂತು, ಅಕ್ಕನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದಳು. ಅಕ್ಕ ಬೇಡ ಬೇಡ ಎಂದು, ಆಮೇಲೆ ಸುಮ್ಮನಾದಳು.

ಡಬ್ಬಿಯಣ್ಣ ಜಗಲಿಗೆ ಬಂದು ಯಂತ್ರ ಬಿಚ್ಚಿದ. ಹಿಡಿದುಕೊಂಡಿದ್ದ ಬೆಸುಗೆ ಹಾಗೇ ಇತ್ತು, ಗಟ್ಟಿಯಾಗಿ. ಅದರ ಪಕ್ಕದಲ್ಲೇ ತಂತಿ ತುಂಡಾಗಿತ್ತು. ಇನ್ನೆತ್ತಲು ಅಲ್ಲಿ ತುದಿ ಇರಲಿಲ್ಲ, ಕರಿ ಪುಡಿ ಇತ್ತು. ಸೊಸೆ ಹಿಂದೆಯೇ ಬಂದು ಬಗ್ಗಿ ನೋಡಿದಳು.

"ಇಲ್ಲೇ ಪಕ್ಕದ ಬೀದೀಲಿ ಒಬ್ಬರಿದ್ದಾರೆ ಚಿಕ್ಕಪ್ಪ, ಬಕೆಟ್ಟು ಗಿಕೆಟ್ಟು ಬೆಸೀತಾರೆ. ತೋರಿಸೋಣ್ವಾ? ಕೈ ಚೆನ್ನಾಗಿದೆಯಂತೆ."

"ಬೇಡಮ್ಮ" ಎಂದ.

ಒಳಗಿನಿಂದ ಅಕ್ಕ ಕರೆದಳು. ಇವನು ಹೋಗಿ ಬಾಗಿಲಲ್ಲಿ ನಿಂತ.

"ತಮ್ಮಾ, ಕತ್ತಲಾಗೋ ಮುಂಚೆ ಇವರನ್ನ ಬಸ್ಸಿಗೆ ಹತ್ತಿಸು. ಇವರ ಮನೇಲಿ ಕಾಯ್ತಿರ್ತಾರೆ."

ಹೆಂಡತಿ ತಲೆ ಎತ್ತಲಿಲ್ಲ. ಒತ್ತಿ ಮುಗಿದ ಪಾದವನ್ನು ಹಾಸಿಗೆಯ ಮೇಲಿಟ್ಟು, ಹೊದಿಕೆ ಸರಿಸಿ ಇನ್ನೊಂದನ್ನು ಎತ್ತಿಕೊಂಡಳು.

"ಆಗಲಿ ಅಕ್ಕ" ಎಂದ ಅವನು.